ಬೈರಣ್ಣ ಆಫ್ ಮಾಡಿದ ಹಿಮಯುಗ

ಬಿ.ಟಿ.ಎಂ. ಲೇಔಟ್, ಬೆಂಗಳೂರು
16 ಜೂನ್ 2025

ಪ್ರೀತಿಯ ಅಪ್ಪನಿಗೆ ನಿಮ್ಮ ಮಧುವಿನ ಶರಣು.

ಊರಿಂದ ಬಂದು ತಿಂಗಳಾದರೂ ಬರೆಯಲಿಲ್ಲ, ಸಿಟ್ಟಾಗಬೇಡಿ. ಸಿಟ್ಟಾಗಿದ್ದವಳು ನಾನು. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಬೇಡದ ಮಾತು ಬಂದ ಕೂಡಲೇ ನೀವು “ಹಲೋ, ಕೇಳವಲ್ದು” ಎಂದು ಇಟ್ಟುಬಿಡುತ್ತೀರಿ. ಕಾಗದಕ್ಕೆ ಹಾಗೆ ಮಾಡಲಾಗದು.

ತಮ್ಮ ಚನ್ನವೀರನ ಮದುವೆಗೆಂದು ನಾನು ಗದಗಕ್ಕೆ ಬಂದಿದ್ದಾಗ ಇಲ್ಲೊಂದು ಅನಾಹುತವಾಯಿತು. ನನ್ನ ಕೋಣೆಯ ಕಂಪ್ಯೂಟರಿನಲ್ಲಿ ಗ್ರೀನ್‌ಲ್ಯಾಂಡಿನ ಹಿಮರಾಶಿಯ ಲೆಕ್ಕ ಮೂರು ವಾರದಿಂದ ಹಗಲಿರುಳು ಓಡುತ್ತಿತ್ತು. ಹಿಮಯುಗದಿಂದ ಹೊರಟು ಇಂದಿನವರೆಗೆ ಬರಬೇಕಿತ್ತು. ಮನೆ ಓನರ್ ಬೈರಣ್ಣ ಕೆಟ್ಟವರಲ್ಲ. ಬಾಡಿಗೆಯವರು ಊರಿಗೆ ಹೋದರೆ ಮೇನ್ ಆಫ್ ಮಾಡುವುದು ಅವರ ಶಿಸ್ತು. ಹೊರಗಿನ ಮೀಟರ್ ಪೆಟ್ಟಿಗೆಗೆ ಕೈ ಹಾಕಿ ಆಫ್ ಮಾಡಿಬಿಟ್ಟಿದ್ದರು. “ನಿಮ್ ಒಳ್ಳೇದಕ್ಕೇ ಮಾಡ್ದೆ ಕಣಮ್ಮ. ಶಾರ್ಟ್ ಸರ್ಕ್ಯೂಟ್ ಆಗ್ಬಿಟ್ರೆ ಏನ್ ಗತಿ?” ಎಂದರು. ಅವರ ಹೆಂಡತಿ ಲಕ್ಷ್ಮಿದೇವಮ್ಮ “ಐಸೆಲ್ಲ ಕರಗೋಯ್ತಾ?” ಎಂದು ಮರುಗಿ, ಸಮಾಧಾನಕ್ಕೆ ಒಂದು ಡಬ್ಬಿ ಬಸ್ಸಾರು ಕೊಟ್ಟರು. ನಡುನಡುವೆ ಉಳಿಸಿಟ್ಟಿದ್ದ ಫೈಲೂ ಕೆಟ್ಟು, ಮೂರು ವಾರದ ಲೆಕ್ಕ ಪೂರ್ತಿ ಹೋಗಿತ್ತು.

ನನ್ನ ಪಿಎಚ್.ಡಿ. ಗೈಡ್ ರಾಮಪ್ರಸಾದ ಸರ್, “ಹಳೇದೆಲ್ಲ ಬಿಟ್ಹಾಕಿ. ಇವತ್ತಿನ ಐಸಿಂದ ಶುರು ಮಾಡಿ, ಬೇಗ ಮುಗಿಯತ್ತೆ” ಎಂದರು. ನಾನು ಒಪ್ಪಲಿಲ್ಲ. ಆ ಹಿಮದ ಒಡಲಲ್ಲಿ ಹಿಮಯುಗದ ಚಳಿ ಇನ್ನೂ ಉಳಿದಿದೆ, ಅಪ್ಪ. ಅದು ಇಂದು ಎಷ್ಟು ಬೇಗ ಜಾರುತ್ತದೆ ಎಂಬುದರಲ್ಲಿ ಸಾವಿರಾರು ವರ್ಷ ಹಿಂದಿನ ಆ ಚಳಿಯ ಕೈವಾಡವೂ ಇದೆ. ನಾವು ಹಚ್ಚಿದ ಬಿಸಿಗೆ ಅಂಚು ಈಗಾಗಲೇ ಕರಗುತ್ತಿದೆ. ಒಡಲಿಗೆ ಆ ಬಿಸಿ ಪೂರ್ತಿ ಮುಟ್ಟಲು ಶತಮಾನಗಳೇ ಬೇಕು. ಬಿಸಿ ಏರುವುದು ನಿಂತರೂ ಕರಗುವುದು ಥಟ್ಟನೆ ನಿಲ್ಲದು. ಹಿಂದಿನದನ್ನು ಬಿಟ್ಟು ಮುಂದಿನದನ್ನು ಹೇಳಿದರೆ ಅದು ಕಣಿ ಹೇಳಿದ ಹಾಗೆ. ಅಂದೇ ಮತ್ತೆ ಮೊದಲಿನಿಂದ ಶುರು ಮಾಡಿದೆ. ಮೀಟರ್ ಪೆಟ್ಟಿಗೆಗೆ ಬೀಗ ಜಡಿದಿದ್ದೇನೆ. ಬೈರಣ್ಣ ಸ್ವಲ್ಪ ದಿನ ಮಾತು ಬಿಟ್ಟಿದ್ದರು.

ಈಗ ನಿಮ್ಮ ಮಾತಿಗೆ ಬರುತ್ತೇನೆ. ಮದುವೆ ಹಂದರದಲ್ಲಿ ನೆಂಟರೆದುರು, “ಆಕಿ ಬರ್ಫ ಕರಗೂದು ನೋಡಕೋತ ಕುಂತಾಳ, ಇತ್ಲಾಗ ವಯಸ್ಸೂ ಕರಗಾಕತ್ತೈತಿ” ಎಂದಿರಿ. ಎಲ್ಲರೂ ನಕ್ಕರು. ನನಗೂ ನಗು ಬಂತು, ಆಮೇಲೆ ಉರಿಯಿತು. ಹೊರಡುವಾಗ, “ಸಾಕವ್ವ, ಪಿಎಚ್.ಡಿ. ಬಿಟ್ಟು ಬಂದಬಿಡು. ಹುಬ್ಬಳ್ಯಾಗ ಕಾಲೇಜಿನ ಕೆಲಸಕ್ಕ ಮಾತಾಡೇನಿ” ಎಂದಿರಿ. ಬರುವುದಿಲ್ಲ. ವರ ನೋಡಿ, ಬೇಡವೆನ್ನುವುದಿಲ್ಲ; ನನ್ನ ಲೆಕ್ಕ ಮುಗಿಯುವವರೆಗೆ ಕಾಯುವ ಗಂಡು ನೋಡಿ. ಮೂಗು ಮುರಿಯುವವರು ಮುರಿಯಲಿ, ಅವರ ಮೂಗು.

ಬಿ.ಪಿ. ಗುಳಿಗೆ ತಪ್ಪಿಸಬೇಡಿ. ಚನ್ನವೀರನಿಗೂ ಮದುಮಗಳಿಗೂ ನನ್ನ ಹಾರೈಕೆ ತಿಳಿಸಿ. ನಿಮ್ಮ ಆಶೀರ್ವಾದ ಕೇಳುತ್ತಿದ್ದೇನೆ, ಅಪ್ಪಣೆಯನ್ನಲ್ಲ.

ನಿಮ್ಮ ಮಗಳು,
ಮಧುಮತಿ

ಮತ್ತೆ: ಕವರು ಅಂಟಿಸುವ ಮೊದಲು ಇದನ್ನೂ ಬರೆದುಬಿಡುತ್ತೇನೆ. ಈ ಪಿಎಚ್.ಡಿ. ಸೀಟಿನ ಸಂದರ್ಶನದ ದಿನವೇ ಅವ್ವ ತೀರಿಕೊಂಡಳು. ಸಂದರ್ಶನ ಕೆಡಬಾರದೆಂದು ನೀವು ತಿಳಿಸಲಿಲ್ಲ. ಫೋನ್ ಮಾಡಿದರೆ “ಅವ್ವ ಮಲಗ್ಯಾಳ” ಎಂದಿರಿ. ನಾನು ಬರುವಷ್ಟರಲ್ಲಿ ಮಣ್ಣಾಗಿತ್ತು. ಯಾವುದಕ್ಕಾಗಿ ಅಂದು ನನಗೆ ಅವ್ವನ ಮುಖ ತಪ್ಪಿಸಿದಿರೋ, ಅದನ್ನೇ ಇಂದು ಬಿಡು ಎನ್ನುತ್ತೀರಿ. ಅವ್ವನ ಮುಖ ಒಮ್ಮೆ ತೋರಿಸಿ, ನಾಳೆಯೇ ಬಿಟ್ಟು ಬರುತ್ತೇನೆ.