ಏಳನೇ ಹಗ್ಗದ ಚಾರ್ಟು

ತೇಲೂರು, ಕೃಷ್ಣೆಯ ಹಿನ್ನೀರು
ಫೆಬ್ರವರಿ ೩೦, ೨೩೮೬
ಗೆರೆಗಾರ ಮಹಾಂತಪ್ಪನಿಂದ

ವೆಬ್ ಪುಟಕ್ಕೆ ಚೆಂದದ ಚಾರ್ಟ್ ಬಿಡಿಸುವ ತಂತ್ರಾಂಶ ಯಾವುದೆಂದು ಆರಿಸುತ್ತ ಕುಳಿತಿರುವ ಹಿರಿಯರೇ,

ಮೊದಲು ತಪ್ಪೊಪ್ಪಿಗೆ. ನಾನು ಕಳ್ಳ. ನಿಮ್ಮ ಕಾಲದ ತಂತ್ರಾಂಶಗಳನ್ನು ಕಾಪಿಟ್ಟ ವಸ್ತುಸಂಗ್ರಹಾಲಯದಿಂದ ಚಾರ್ಟ್ ಬಿಡಿಸುವ ಒಂದು ಹಳೆಯ ತಂತ್ರಾಂಶವನ್ನು, ಕಾವಲುಗಾರ ಒಂದು ಸಲ ಆಕಳಿಸಿ ಮುಗಿಸುವಷ್ಟರಲ್ಲಿ ನಕಲು ಮಾಡಿಕೊಂಡು ಬಂದೆ. ಗೆರೆ ಎಳೆದು ಹೊಟ್ಟೆ ಹೊರೆಯುವವನೇ ಗೆರೆ ದಾಟಿದೆ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ಮೇಲಿನ ತಾರೀಖು ಮಾತ್ರ ತಪ್ಪಲ್ಲ. ಫೆಬ್ರವರಿಗೆ ಬಹುಕಾಲದ ಅನ್ಯಾಯವಾಗಿದೆಯೆಂದು ನಾವೇ ಎರಡು ದಿನ ಸೇರಿಸಿಕೊಟ್ಟಿದ್ದೇವೆ.

ನಮ್ಮ ಊರು ನೀರಿನ ಮೇಲಿದೆ. ಮನೆ, ಅಂಗಡಿ, ಹಿಟ್ಟಿನ ಗಿರಣಿ ಎಲ್ಲವೂ ತೆಪ್ಪಗಳ ಮೇಲೆ ಕೂತು ದಡದ ಬಂಡೆಗಳಿಗೆ ಹಗ್ಗ ಬಿಗಿದುಕೊಂಡಿವೆ. ಒಬ್ಬರು ರೊಟ್ಟಿ ತಟ್ಟಿದರೆ ಪಕ್ಕದ ಮನೆಯ ಸಾರೂ ತುಸು ತುಳುಕುತ್ತದೆ. ಪ್ರತಿ ಹಗ್ಗಕ್ಕೂ ಒಂದು ಎಳೆತಮಾಪಕವಿದೆ. ಹಗ್ಗವನ್ನು ನೀರು ಎಷ್ಟು ಜಗ್ಗುತ್ತಿದೆಯೆಂದು ನಿಮಿಷಕ್ಕೊಮ್ಮೆ ತಿಳಿಸುವ ಉಪಕರಣ. ಆ ಅಂಕಿಗಳನ್ನು ಊರಿನ ವೆಬ್ ಪುಟದಲ್ಲಿ ಚಾರ್ಟಾಗಿ ಬಿಡಿಸುವವನಿಗೆ ಗೆರೆಗಾರನೆಂದು ಹೆಸರು. ಜನ ಮುಖ ತೊಳೆಯುವ ಮೊದಲು ಆ ಪುಟ ನೋಡುತ್ತಾರೆ. ಗೆರೆ ಕೆಂಪು ಪಟ್ಟಿ ಮುಟ್ಟಿದರೆ ತೆಪ್ಪ ಖಾಲಿ ಮಾಡಬೇಕು.

ಬಳಸುತ್ತಿದ್ದ ತಂತ್ರಾಂಶ ಮುದಿಯಾಯಿತೆಂದು ಬೇರೊಂದನ್ನು ಆರಿಸಲು ಸಭೆ ಸೇರಿತು. ಅದಕ್ಕೊಂದು ಪದ್ಧತಿಯುಂಟು: ಕಣಕ್ಕಿಳಿದ ತಂತ್ರಾಂಶಗಳೆಲ್ಲ ಒಂದೇ ಹಗ್ಗದ ಅಂದಿನ ಅಂಕಿಗಳನ್ನು ಎಲ್ಲರೆದುರು ಬಿಡಿಸಬೇಕು, ಜನ ಕೈಯೆತ್ತಿ ಆರಿಸಬೇಕು. ಅಂದಿನ ಪಾಳಿ ಏಳನೇ ಹಗ್ಗದ್ದು, ಅಂದರೆ ಶಾಲೆಯ ತೆಪ್ಪದ್ದು. ಅಲ್ಲಿ ಇನ್ನೂರು ಮಕ್ಕಳು ಮಗ್ಗಿ ಹೇಳುತ್ತಿದ್ದರು. ಗಾಳಿ ಎದ್ದಿತ್ತು. ಮೊದಲ ತಂತ್ರಾಂಶದ ಗೆರೆ ನವಿಲಿನಂತೆ ಕುಣಿಯುತ್ತ ಬಂತು. ಎರಡನೆಯದರ ಗೆರೆ ಇಳಕಲ್ ಸೀರೆಯ ನೆರಿಗೆಯಂತೆ ನುಣ್ಣಗೆ ಬಾಗಿತು. ನಾನು ತಂದದ್ದು ಬೂದು ಬಣ್ಣದಲ್ಲಿ ಕುಂಟುತ್ತ ಬಂದು, ಹತ್ತೂವರೆಯ ಬಳಿ ತುಂಡಾಗಿ, ಒಂಬತ್ತು ನಿಮಿಷದಷ್ಟು ಜಾಗ ಖಾಲಿ ಬಿಟ್ಟು ಮತ್ತೆ ಶುರುವಾಯಿತು. ನಕ್ಷೆ ನೋಡಿ ಎಲ್ಲರೂ ನಕ್ಕರು. ಅಧ್ಯಕ್ಷ ಗುರುಪಾದಪ್ಪನವರು, ಗೆರೆಗಾರನಿಗೆ ಶಾಯಿ ಸಾಲದಾಯಿತೇನೋ ಎಂದು ಕೆಣಕಿದರು.

ಹಗ್ಗ ಕಾಯುವ ನಿಂಬೆವ್ವ ನಗಲಿಲ್ಲ. ಎದ್ದು ಬಂದು ಮೂರೂ ಪರದೆಗಳನ್ನು ಒಂದೊಂದಾಗಿ ನೋಡಿದಳು.

"ಗೆರಿ ಹರದಿಲ್ರೀ ಅಧ್ಯಕ್ಷರ," ಎಂದಳು. "ಮಾಪಕ ಬಾಯಿ ಮುಚ್ಚೇತಿ. ಆ ಎರಡೂ ಚಂದನ್ನವು ಅದರ ಪರವಾಗಿ ತಾವ ಮಾತಾಡಾಕ ಹತ್ತ್ಯಾವು. ಮಕ್ಕಳ್ನ ಮೊದಲ ಹೊರಗ ತರ್ರಿ."

ನಿಜ. ಅಂಕಿ ಬಾರದ ಕಡೆ ಅವು ಈಚೆಯ ಚುಕ್ಕಿಗೂ ಆಚೆಯ ಚುಕ್ಕಿಗೂ ಸೊಗಸಾದ ಹೊಲಿಗೆ ಹಾಕಿಬಿಟ್ಟಿದ್ದವು. ಹಗ್ಗದ ಎಳೆಗಳು ಬಿಚ್ಚುತ್ತ ಮಾಪಕದ ತಂತಿಯನ್ನೇ ಕೀಳುತ್ತಿದ್ದುದು ಆ ಹೊಲಿಗೆಯ ಅಡಿ ಮುಚ್ಚಿಹೋಗಿತ್ತು. ನಿಂಬೆವ್ವ ಓಡಿದಳು. ಮಕ್ಕಳನ್ನು ಹಲಗೆಯ ಮೇಲೆ ಒಬ್ಬೊಬ್ಬರಾಗಿ ದಾಟಿಸಿದರು. ಹಲಗೆ ಸಣ್ಣದು, ನೂಕುವಂತಿಲ್ಲ. ಕೊನೆಯದಾಗಿ ಮಾಸ್ತರು ಹಾಜರಿ ಪುಸ್ತಕ ಹಿಡಿದು ಈಚೆ ಕಾಲಿಡುವಾಗ ಹಗ್ಗ ಸಿಡಿಯಿತು. ಶಾಲೆ ಖಾಲಿ ಬೆಂಚುಗಳನ್ನು ಹೊತ್ತು ನಡುನೀರಿಗೆ ಹೋಯಿತು.

ಅಂದಿನಿಂದ ನಾನು ಊರಿಗೆ ದೊಡ್ಡವ. ಮೌನವನ್ನು ಮೌನವಾಗಿಯೇ ಬಿಡಿಸುವ ತಂತ್ರಾಂಶವನ್ನು ಹುಡುಕಿ ತಂದ ಜಾಣನೆಂದು ಹಾರ ಹಾಕುತ್ತಾರೆ, ನಾನು ಕತ್ತು ಬಗ್ಗಿಸುತ್ತೇನೆ. "ಅಂದಕ್ಕೆ ಸೋತು ಅಂಧರಾಗಬೇಡಿ" ಎಂಬ ನನ್ನ ಭಾಷಣ ಈಗ ಪಠ್ಯದಲ್ಲಿದೆ. ನಿಮ್ಮಲ್ಲೂ ಅದೇ ಕೋರಿಕೆ. ಬಣ್ಣ, ಕುಣಿತ ನೋಡುವ ಮುನ್ನ ನಡುವಿನ ಹತ್ತು ಅಂಕಿಗಳನ್ನು ಕಿತ್ತುಹಾಕಿ ಬಿಡಿಸಲು ಕೊಡಿ. ಆ ಖಾಲಿಯಲ್ಲಿ ಅದು ಏನು ಮಾಡುತ್ತದೆಂದು ನೋಡಿ. ನಿಮ್ಮ ಚಾರ್ಟನ್ನು ನಂಬಿ ಯಾರ ಮಕ್ಕಳು ಎಲ್ಲಿ ಕೂತಿದ್ದಾರೋ, ನಿಮಗೆ ತಿಳಿಯದು.

ಇನ್ನೊಂದು ಮಾತು. ನನ್ನ ಊರಿನವರಿಗೆ ನೀವು ಹೇಳಲಾರಿರೆಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ಜನ ನಕ್ಕಾಗ ನನ್ನ ಕಿವಿ ಬಿಸಿಯಾಗಿತ್ತು. ಆ ತುಂಡು ತಂತ್ರಾಂಶದ ದೋಷವೆಂದೇ ನಾನೂ ತಿಳಿದಿದ್ದೆ. ಗೆರೆ ಜೋಡಿಸುವ ಗುಂಡಿ ಎಲ್ಲಿದೆಯೆಂದು ತಲೆ ತಗ್ಗಿಸಿ ಹುಡುಕುತ್ತಲೇ ಇದ್ದೆ. ನಿಂಬೆವ್ವ ಶಾಲೆಯತ್ತ ಓಡುತ್ತ ಸಭೆಯ ಹೊಸ್ತಿಲು ದಾಟುವಾಗ ಅದು ಸಿಕ್ಕಿತು; ಒತ್ತಿಯೇಬಿಟ್ಟೆ. ಗೆರೆ ಬಹಳ ಚೆನ್ನಾಗಿ ಕೂಡಿಕೊಂಡಿತು.