ತೊಲೆಗೆ ಕಟ್ಟಿದ ಬೀಜ

ಪಾಚುತಿಕ್, ಕಿಚೆ ಬೆಟ್ಟಸೀಮೆ, ಗ್ವಾಟೆಮಾಲಾ
ಮಾರ್ಚ್ ಒಂಬತ್ತು, ಸೋಮವಾರ

ತೊಮಾಸಾ ಅಕ್ಕಾ,

ಚೆನ್ನಾಗಿದ್ದೀಯಾ ಅಂತ ಆಮೇಲೆ ಕೇಳುತ್ತೇನೆ. ಮೊದಲು ಇದನ್ನು ಓದು. ಅಮ್ಮ ಕೆಮ್ಮಿದರೆ ರಕ್ತ ಬರುತ್ತಿದೆ. ಶಾಲಿನ ಅಂಚಿಗೆ ಒರೆಸಿ ಮಡಚಿ ಇಟ್ಟಿದ್ದಳು, ಒಗೆಯುವಾಗ ಕಂಡೆ.

ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಡಾಕ್ಟರ್ ತಲೆಯನ್ನೂ ಎತ್ತಲಿಲ್ಲ. "ನಿಮ್ಮಮ್ಮ ಸಿಗರೇಟ್ ಸೇದ್ತಾಳಾ?" ಅಂದ. ಇಲ್ಲ ಅಂದೆ. "ಹಾಗಾದ್ರೆ ಶೀತ, ಇನ್ನೇನಿಲ್ಲ," ಅಂತ ಸಿರಪ್ ಕೊಟ್ಟ. ಹುಟ್ಟಿದಾಗಿಂದ ಒಲೆಯ ಹೊಗೆ ಕುಡಿದವಳ ಹತ್ತಿರ ಸಿಗರೇಟಿನ ಲೆಕ್ಕ! ಮಿಕಾಯೆಲಾ ಅತ್ತೆಗೂ ಇದೇ ಶೀತ ಇತ್ತು. ಆ ಶೀತದಲ್ಲೇ ಹೋದಳು.

ನರ್ಸ್ ಹಿಂದೆಯೇ ಬಂದಳು. "ಬೆಟ್ಟದ ಹೆಂಗಸರಿಗೆ ಎಕ್ಸ್‌ರೇ ಯಾರ್ ತೆಗೀತಾರೆ ಹೇಳು? ಅದಕ್ಕೇ ಶ್ವಾಸಕೋಶದ ಕ್ಯಾನ್ಸರ್ ರಾಜಧಾನೀಲಿ ಜಾಸ್ತಿ, ಇಲ್ಲಿ ಕಮ್ಮಿ ಅಂತ ಬರ್ಕೊಂಡಿದಾರೆ," ಅಂದಳು. ಹುಡುಕದೆ ಇದ್ದರೆ ಎಲ್ಲಿಂದ ಸಿಗುತ್ತೆ ಅಕ್ಕಾ? ಈ ಗುರುವಾರ ಬೆಳಿಗ್ಗೆ ನೀನಿರುವ ರಾಜಧಾನಿಯ ದೊಡ್ಡಾಸ್ಪತ್ರೆಯಲ್ಲಿ ತೋರಿಸಲು ಚೀಟಿ ಕೊಟ್ಟಿದ್ದು ಅವಳೇ.

ಇನ್ನು ಅಮ್ಮನ ಕಥೆ. ಹೋದ ವರ್ಷ ಊರಿಗೆಲ್ಲ ಹಂಚಿದ ಹೊಸ ಒಲೆಗೆ ಹೊಗೆಕೊಳವೆ ಇತ್ತಲ್ಲ? ಅದನ್ನು ಬಿಚ್ಚಿ ಕೋಳಿಗೂಡಿನ ಮೇಲೆ ಎಸೆದಿದ್ದಾಳೆ. ಊರಿನ ಹೆಂಗಸರೆಲ್ಲ ಮಾಡಿದ್ದು ಅದನ್ನೇ. ಹೊಗೆ ಹೊರಗೆ ಹೋದರೆ ಒಲೆಯ ಮೇಲಿನ ತೊಲೆಗೆ ಕಟ್ಟಿದ ಬೀಜದ ಜೋಳದ ತೆನೆಗಳಿಗೆ ನುಸಿ ಬೀಳುತ್ತದಂತೆ. ನಾನು ಕೊಳವೆ ತಂದು ಮತ್ತೆ ಸಿಕ್ಕಿಸಿದೆ.

"ಸ್ಕೂಲ್ ಬಿಟ್ಟೋಳು, ನಂಗೇ ಡಾಕ್ಟರಮ್ಮ ಆಗ್ತೀಯೇನೆ? ನಿಮ್ಮಜ್ಜಿ ಕೈಯಿಂದ ಬಂದ ಬೀಜ ಅದು. ಬಿತ್ತನೆ ಮುಗೀಲಿ, ಹೋಗೋಣ," ಅಂದಳು.

"ನಿನ್ನನ್ನ ಹೂತು ಅದರ ಮೇಲೆ ಬಿತ್ತಲಾ?" ಅಂದುಬಿಟ್ಟೆ. ಇಬ್ಬರೂ ಅತ್ತೆವು.

ಕೊನೆಗೆ ಒಪ್ಪಿದ್ದಾಳೆ. ಹೇಗೆ ಅಂತ ಕೇಳಬೇಡ. ಈ ಕಾಗದ ನಾಳೆ ಬಸ್ ಡ್ರೈವರ್ ಕೈಯಲ್ಲಿ ಬರುತ್ತದೆ, ಬುಧವಾರ ಅದೇ ಬಸ್ಸಿನಲ್ಲಿ ಅಮ್ಮ. ನೀನು ಸ್ಟ್ಯಾಂಡಿನಲ್ಲಿ ಇರಲೇಬೇಕು. ನೀನು ಕೆಲಸ ಮಾಡುವ ಮನೆಯ ಯಜಮಾನಿ ರಜೆ ಕೊಡದಿದ್ದರೆ ಹಾಳಾಗಿ ಹೋಗಲಿ, ಬಿಟ್ಟು ಬಾ. ಅಮ್ಮನಿಗೆ ಸ್ಪ್ಯಾನಿಷ್ ಬರಲ್ಲ. ಅಲ್ಲಿಯೂ ಸಿಗರೇಟಿನ ಮಾತೆತ್ತಿದರೆ, ಒಲೆ ಅನ್ನು. ಕಿರುಚಿ ಹೇಳು. ಎಕ್ಸ್‌ರೇ ತೆಗೆಯುವ ತನಕ ಬಾಗಿಲು ಬಿಟ್ಟು ಕದಲಬೇಡ.

ನಿನ್ನ ತಂಗಿ,
ಲೊರೆನ್ಸಾ

ಮರೆತಿದ್ದೆ: ಕಾಗದ ಹೊಗೆ ವಾಸನೆ ಹೊಡೆದರೆ ಹೆದರಬೇಡ. ಅಮ್ಮ ವಾಪಸ್ ಬರುವ ತನಕ ಬೀಜದ ಕೆಳಗೆ ಹೊಗೆ ಆರಬಾರದು, ಆ ಮಾತಿನ ಮೇಲೆಯೇ ಅವಳು ಬಸ್ ಹತ್ತುತ್ತಿರುವುದು. ಕೊಳವೆ ನಾನೇ ಬಿಚ್ಚಿದೆ. ಒಲೆ ಮುಂದೆ ಈಗ ನಾನು ಕೂತಿದ್ದೇನೆ.