ಎಡಗಡೆ ಸೀಟು

ತಾರಾ,

ನೀ ತೀರಿಕೊಂಡ ಮ್ಯಾಲ ನಮ್ಮ ಕೊಲ್ಹಾಪುರದ ಗ್ಯಾರೇಜಿನ್ಯಾಗ ಮೊದಲನೇ ಫಿಯೆಟ್ ಇವತ್ತು ತಯಾರಾತು. ಇಚಲಕರಂಜಿ ವಿಶಾಲಂದು, ಅವರಜ್ಜನ ಕಾಲದ ಗಾಡಿ. ಎಂಜಿನ್, ಬಣ್ಣ ಎಲ್ಲಾ ಆತು. ಆದರ ಸೀಟಿನ ಸ್ಪ್ರಿಂಗ್ ಬರೋಬ್ಬರಿ ಕೂಡಬೇಕಂದ್ರ ಯಾರರ ಅದರ ಮ್ಯಾಲ ಕುಂತು ಗಡಹಿಂಗ್ಲಜ ತನಕಾ ಹೋಗಿ ಬರಬೇಕಲ್ಲ. ಪ್ರತಿ ಗಾಡಿಗೂ ನೀನ ಕುಂಡರತಿದ್ದಿ. "ಇನ್ನೂ ಚುಚ್ಚತೈತ್ರಿ, ಸೀಟು ಬಿಚ್ಚರಿ," ಅಂತ ಬೈತಿದ್ದಿ. ನಮ್ಮ ಸೀಟಿಗೆ ಹೆಸರ ಬಂದದ್ದ ಅದಕ್ಕ. ಜನ ಮಾತ್ರ ನನ್ನ ಕೈಗುಣಾ ಅಂತಾರ.

ಈ ಸಲ ಎಡಗಡೆ ಸೀಟಿನ ಮ್ಯಾಲ ನಿನ್ನ ತೂಕದ್ದೊಂದು ಬೆಲ್ಲದ ಚೀಲಾ ಇಟ್ಟಿದ್ದೆ. ಗಡಹಿಂಗ್ಲಜ ಹತ್ರ ಎಮ್ಮಿ ಅಡ್ಡ ಬಂತು. ಬ್ರೇಕ್ ಒತ್ತೂದ ತಡ, ನನ್ನ ಎಡಗೈ ತಾನ ಹೋಗಿ ಚೀಲಾ ತಡದು ಹಿಡೀತು. ಎಮ್ಮಿ ದಾಟಿ ಹೋತು. ಹಿಂದಿನವರು ಹಾರ್ನ್ ಹೊಡ್ಯಾಕತ್ರು. ನನಗ ಕೈ ತಗ್ಯಾಕ ಆಗಲಿಲ್ಲ.